ಎದುರುಗುಡ್ಡದ ಟವರಿನಿಂದ ಆರಂಭಿಸಿ: ಅಪ್ಪಟ ಲಿನಕ್ಸ್ ಫೋನ್ ಆರಿಸಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಲಿನಕ್ಸ್ ಫೋನ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಪ್ರೊಸೆಸರ್, ರ‍್ಯಾಮ್, ಪರದೆ ಎಂದು ಮಾದರಿಗಳ ಪಟ್ಟಿಯನ್ನೇ ಮೊದಲು ಬಿಚ್ಚಿ ಕೂರುತ್ತಾರೆ. ದೊಡ್ಡ ಊರಿನವರಿಗೆ ಅದು ನಡೆದೀತು. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಊರುಗಳಲ್ಲಿರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ತಮ್ಮ ಜಗುಲಿಗೆ ಯಾವ ಕಂಪನಿಯ ಟವರಿನಿಂದ ಯಾವ ಬಗೆಯ ಸಿಗ್ನಲ್ ತಲುಪುತ್ತದೆ ಎಂಬುದನ್ನು. ಇಂಥ ಫೋನುಗಳಲ್ಲಿ ವೆಬ್ ಪುಟ, ನಕ್ಷೆ, ಟರ್ಮಿನಲ್, ಸಂಗೀತ ಎಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಕೆಲಸ ಮಾಡುತ್ತವೆ. ಕೈಕೊಡುವುದು ಬಹುಮಟ್ಟಿಗೆ ಕರೆಯ ವಿಷಯದಲ್ಲಿಯೇ. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ತುಸು ತಿರುವುಮುರುವಾಗಿದೆ: ಮೊದಲು ಸಿಮ್, ಆಮೇಲೆ ಕಾರ್ಯಾಚರಣೆ ವ್ಯವಸ್ಥೆ, ಕೊನೆಗೆ ಫೋನು.

ಅಪ್ಪಟ ಎನ್ನುವುದು ಯಾವುದಕ್ಕೆ

ಕರ್ನಲ್ ಎಂದರೆ ಯಂತ್ರವನ್ನು ನೇರವಾಗಿ ನಡೆಸುವ ತಿರುಳಿನ ತಂತ್ರಾಂಶ. ಆಂಡ್ರಾಯ್ಡಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. 2017ರಲ್ಲಿ ಬಂದು ಮಲೆನಾಡಿನ ಮೂಲೆಮೂಲೆಗೂ ತಲುಪಿದ ಜಿಯೋಫೋನಿನ ಕೈಓಎಸ್‌ನ ತಳದಲ್ಲಿಯೂ ಅದೇ ಕರ್ನಲ್ ಇತ್ತು. ಆದರೆ ಕರ್ನಲ್ಲಿನ ಮೇಲೆ ಕೂತಿರುವ ಲೈಬ್ರರಿಗಳು, ಪ್ಯಾಕೇಜ್ ವ್ಯವಸ್ಥೆ, ಪರದೆಯನ್ನು ನಿಭಾಯಿಸುವ ಭಾಗ ಇವು ಕಂಪ್ಯೂಟರಿನಲ್ಲಿ ನಾವು ಬಳಸುವ ಡೆಬಿಯನ್, ಉಬುಂಟು, ಆಲ್ಪೈನ್‌ಗಳಲ್ಲಿ ಇರುವಂಥವೇ ಆಗಿದ್ದರೆ ಮಾತ್ರ ಇಲ್ಲಿ ಅದನ್ನು ಅಪ್ಪಟ ಲಿನಕ್ಸ್ ಎಂದು ಕರೆಯುತ್ತೇನೆ.

ಅದರೊಳಗೂ ಎರಡು ದಾರಿಗಳಿವೆ. ಮೊದಲನೆಯದು ಮೇನ್‌ಲೈನ್, ಅಂದರೆ ಎಲ್ಲರೂ ಬಳಸುವ ಮುಖ್ಯ ಕರ್ನಲ್ಲನ್ನೇ, ಅಥವಾ ಅದಕ್ಕೆ ಅತಿ ಸಮೀಪವಾದುದನ್ನು, ಫೋನಿಗೆ ಹೊಂದಿಸುವುದು. ಎರಡನೆಯದು ಹೇಲಿಯಂ ಎಂಬ ಪದರದ ಮೂಲಕ ತಯಾರಕರು ಕೊಟ್ಟ ಆಂಡ್ರಾಯ್ಡ್ ಕರ್ನಲ್ ಮತ್ತು ಡ್ರೈವರುಗಳನ್ನು ಹಾಗೆಯೇ ಇಟ್ಟುಕೊಂಡು, ಮೇಲಿನ ವ್ಯವಸ್ಥೆಯನ್ನು ಮಾತ್ರ ಲಿನಕ್ಸಿನದಾಗಿಸುವುದು. ಮೇನ್‌ಲೈನ್ ದಾರಿಯಲ್ಲಿ ಫೋನಿಗೆ ದೀರ್ಘಾಯುಸ್ಸು ದೊರೆಯುತ್ತದೆ, ಏಕೆಂದರೆ ತಯಾರಕರು ಕೈಬಿಟ್ಟ ಮೇಲೂ ಕರ್ನಲ್ ಹೊಸದಾಗುತ್ತಲೇ ಇರುತ್ತದೆ. ಹೇಲಿಯಂ ದಾರಿಯಲ್ಲಿ ಕ್ಯಾಮೆರಾ, ಬ್ಯಾಟರಿ, ಜಿಪಿಎಸ್‌ಗಳು ಇಂದೇ ಚೆನ್ನಾಗಿ ನಡೆಯುತ್ತವೆ, ಆದರೆ ಕರ್ನಲ್ ಹಳೆಯದಾಗಿಯೇ ಉಳಿಯುತ್ತದೆ. ಎರಡನೆಯದು ಲಿನಕ್ಸೇ ಅಲ್ಲ ಎಂದು ವಾದಿಸುವವರಿದ್ದಾರೆ. ನಿತ್ಯ ಬಳಕೆಗೆ ಫೋನ್ ಬೇಕಾದವರು ಆ ವಾದಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಮೊದಲ ಹೆಜ್ಜೆ: ಇರುವ ಫೋನಿನಲ್ಲೇ ಸಿಗ್ನಲ್ ಪರೀಕ್ಷೆ

4ಜಿ ಜಾಲದಲ್ಲಿ ಮಾತು ಸಾಗಬೇಕಾದರೆ ವಿಒಎಲ್‌ಟಿಇ ಬೇಕು. ಅದಿಲ್ಲದ ಫೋನಿಗೆ ಕರೆ ಬಂದಾಗ ಜಾಲವು ಆ ಫೋನನ್ನು 2ಜಿಗೆ ಇಳಿಸಿ ಮಾತನಾಡಿಸುತ್ತದೆ. ಏರ್‌ಟೆಲ್, ವಿಐ ಮತ್ತು ಬಿಎಸ್ಎನ್ಎಲ್‌ಗಳು 2ಜಿಯನ್ನು ಇನ್ನೂ ಇಟ್ಟುಕೊಂಡಿರುವುದರಿಂದ ಈ ಇಳಿಕೆ ಸಾಧ್ಯವಾಗುತ್ತದೆ. ಜಿಯೋ ಆರಂಭದಿಂದಲೇ 4ಜಿ ಮಾತ್ರ ಇರುವ ಜಾಲವಾಗಿ ಬಂದದ್ದರಿಂದ ಅಲ್ಲಿ ಇಳಿಯಲು ಕೆಳಗೆ ಏನೂ ಇಲ್ಲ. ವಿಒಎಲ್‌ಟಿಇ ಇಲ್ಲದ ಫೋನಿಗೆ ಜಿಯೋ ಸಿಮ್ ಹಾಕಿದರೆ ಇಂಟರ್ನೆಟ್ ಬರುತ್ತದೆ, ಕರೆ ಬರುವುದಿಲ್ಲ. ಲಿನಕ್ಸ್ ಫೋನುಗಳಲ್ಲಿ ವಿಒಎಲ್‌ಟಿಇ ಬೆಂಬಲ ಮಾದರಿಯಿಂದ ಮಾದರಿಗೆ, ಕೆಲವೊಮ್ಮೆ ಸಿಮ್ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಇದನ್ನು ಅರಿಯದೆ ಫೋನ್ ಕೊಂಡವರ ನಿರಾಶೆಯೇ ಎಲ್ಲಕ್ಕಿಂತ ದೊಡ್ಡದು.

ನಿಮ್ಮಲ್ಲಿ 2ಜಿಯ ಮೇಲೆ ಮಾತು ನಡೆಯುತ್ತದೆಯೇ ಎಂಬ ಪರೀಕ್ಷೆಗೆ ಖರ್ಚಿಲ್ಲ. ನಿಮ್ಮ ಈಗಿನ ಆಂಡ್ರಾಯ್ಡ್ ಫೋನಿನ ಡಯಲರಿನಲ್ಲಿ *#*#4636#*#* ಎಂದು ಒತ್ತಿದರೆ ಹೆಚ್ಚಿನ ಫೋನುಗಳಲ್ಲಿ ಪರೀಕ್ಷಾ ಪುಟವೊಂದು ತೆರೆದುಕೊಳ್ಳುತ್ತದೆ. ಅದರಲ್ಲಿ ಫೋನಿನ ಮಾಹಿತಿಯ ಭಾಗಕ್ಕೆ ಹೋಗಿ, ಜಾಲದ ಆಯ್ಕೆಯನ್ನು ಜಿಎಸ್ಎಂ ಮಾತ್ರ, ಅಂದರೆ 2ಜಿ ಮಾತ್ರ, ಎಂದು ಬದಲಿಸಿ. ಈ ಪುಟ ತೆರೆಯದಿದ್ದರೆ ಸೆಟ್ಟಿಂಗ್ಸ್‌ನ ಸಿಮ್ ವಿಭಾಗದಲ್ಲಿ 2ಜಿ ಮಾತ್ರ ಎಂಬ ಆಯ್ಕೆ ಇದೆಯೇ ನೋಡಿ. ಹೀಗೆ ಬದಲಿಸಿದ ಫೋನನ್ನು ಹಿಡಿದು ಒಂದು ದಿನ ಎಂದಿನಂತೆ ಓಡಾಡಿ: ಅಡುಗೆಮನೆ, ಅಂಗಳ, ತೋಟದ ತಗ್ಗು, ಬಸ್ ನಿಲ್ದಾಣ, ಪೇಟೆಯ ಕೆಲಸದ ಜಾಗ. ಪ್ರತಿ ಜಾಗದಲ್ಲಿಯೂ ಮನೆಯವರಿಗೆ ಒಂದು ಕರೆ ಮಾಡಿ, ಒಂದು ಕರೆ ಮಾಡಿಸಿಕೊಳ್ಳಿ. ಗುಡ್ಡದ ಆಚೆ ಮಗ್ಗುಲಿನಲ್ಲಿ ಎರಡು ಕಡ್ಡಿ ತೋರಿಸಿದ ಮಾತ್ರಕ್ಕೆ ಮಾತು ಕೇಳಿಸುತ್ತದೆಂದು ನಂಬಬೇಡಿ, ಮಾತನಾಡಿಯೇ ನೋಡಿ.

ಬಿಎಸ್ಎನ್ಎಲ್ ನಂಬಿಕೊಂಡ ಊರುಗಳು ಇನ್ನೊಂದು ವಿಷಯವನ್ನು ಗಮನಿಸಬೇಕು. ಆ ಸಂಸ್ಥೆಯ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರಿನಲ್ಲಿ ಅಧಿಕೃತವಾಗಿ ಉದ್ಘಾಟನೆಯಾಯಿತು. ಅದು ಬಳಸುವ ತರಂಗಗಳಲ್ಲಿ 700 ಮೆಗಾಹರ್ಟ್ಸ್ ಒಂದು, ಅಂದರೆ 28ನೇ ಬ್ಯಾಂಡ್. ಕಡಿಮೆ ಆವರ್ತನದ ತರಂಗ ಮರಗಿಡಗಳ ನಡುವೆ ಹೆಚ್ಚು ದೂರ ಸಾಗುವುದರಿಂದ ಮಲೆನಾಡಿಗೆ ಅದೇ ಹೇಳಿಮಾಡಿಸಿದ್ದು, ಆದರೆ ಹಳೆಯ ಫೋನುಗಳೆಲ್ಲ ಆ ಬ್ಯಾಂಡನ್ನು ಹಿಡಿಯುವುದಿಲ್ಲ. ಫೋನಿನ ವಿವರಪಟ್ಟಿಯಲ್ಲಿ 28 ಎಂಬ ಅಂಕಿ ಇದೆಯೇ ಎಂದು ನೋಡಿಕೊಳ್ಳಿ. ಅದರ ಜೊತೆಗೆ 1, 3, 5, 8 ಮತ್ತು 40 ಇದ್ದರೆ ಇಲ್ಲಿಯ ಮಟ್ಟಿಗೆ ಬಹುತೇಕ ಸಾಕು.

2ಜಿ ಪರೀಕ್ಷೆಯಲ್ಲಿ ಮನೆಯೇ ಸೋತರೆ ಎರಡು ಆಯ್ಕೆ ಉಳಿಯುತ್ತವೆ. ವಿಒಎಲ್‌ಟಿಇ ನಡೆಯುತ್ತದೆ ಎಂದು ಸ್ಪಷ್ಟವಾಗಿ ದಾಖಲಾಗಿರುವ ಮಾದರಿಯನ್ನೇ ಹುಡುಕಬೇಕು. ಇಲ್ಲವೇ ಲಿನಕ್ಸ್ ಫೋನನ್ನು ಕರೆಗೆ ನೆಚ್ಚದೆ ವೈಫೈ ಮೇಲೆ ನಡೆಯುವ ಎರಡನೆಯ ಸಾಧನವಾಗಿ ಇಟ್ಟುಕೊಳ್ಳಬೇಕು. ಹಿರಿಯರು ಮಾತ್ರ ಇರುವ ಮನೆಯ ಏಕೈಕ ಫೋನಾಗಿ ಇದನ್ನು ಇಡುವುದು ಸರಿಯಲ್ಲ. 112ರಂಥ ತುರ್ತು ಕರೆ ಯಾವ ಸ್ಥಿತಿಯಲ್ಲಿಯೂ ಹೋಗಿಯೇ ಹೋಗುತ್ತದೆ ಎಂಬ ಭರವಸೆಯನ್ನು ಈ ವ್ಯವಸ್ಥೆಗಳು ಕೊಡುವುದಿಲ್ಲ.

ಎರಡನೆಯ ಹೆಜ್ಜೆ: ಯಾವ ಕೆಲಸ ಯಾವ ಫೋನಿಗೆ ಎಂದು ಹಂಚಿಕೊಳ್ಳುವುದು

ಯುಪಿಐ ಆ್ಯಪ್‌ಗಳು ಸಿಮ್ಮಿನಿಂದ ಸಂದೇಶ ಕಳಿಸಿ ಫೋನನ್ನು ಖಾತೆಗೆ ಕಟ್ಟಿಹಾಕುತ್ತವೆ. ಜೊತೆಗೆ ವ್ಯವಸ್ಥೆ ತಿದ್ದುಪಡಿಯಾಗಿಲ್ಲವೇ ಎಂದು ತಪಾಸಣೆ ಮಾಡುತ್ತವೆ. ವೇಡ್ರಾಯ್ಡ್ ಎಂಬ ಸೌಲಭ್ಯದಿಂದ ಲಿನಕ್ಸಿನೊಳಗೆ ಆಂಡ್ರಾಯ್ಡನ್ನು ಒಂದು ಪೆಟ್ಟಿಗೆಯಂತೆ ನಡೆಸಬಹುದಾದರೂ, ಬ್ಯಾಂಕಿನ ಆ್ಯಪ್‌ಗಳು ಅಲ್ಲಿ ನಡೆಯುತ್ತವೆಂದು ಎಣಿಸಿ ಫೋನ್ ಕೊಳ್ಳಬೇಡಿ. ವಾಟ್ಸ್‌ಆ್ಯಪ್ ಖಾತೆಗೂ ಮುಖ್ಯ ಸಾಧನವಾಗಿ ಆಂಡ್ರಾಯ್ಡ್ ಅಥವಾ ಐಫೋನ್ ಬೇಕು. ಲಿನಕ್ಸ್ ಫೋನಿನ ಬ್ರೌಸರಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆಯಬಹುದು, ಆದರೆ ಮುಖ್ಯ ಫೋನನ್ನು 14 ದಿನಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ಜೋಡಿಸಿದ ಸಾಧನಗಳು ತಾವಾಗಿ ಕಳಚಿಕೊಳ್ಳುತ್ತವೆ.

ಹಾಗಾಗಿ ಹಳೆಯ ಆಂಡ್ರಾಯ್ಡನ್ನು ಮಾರಬೇಡಿ. ಬ್ಯಾಂಕು, ಮಂಡಿಯವರ ವಾಟ್ಸ್‌ಆ್ಯಪ್ ಗುಂಪು, ಮಕ್ಕಳ ಶಾಲೆಯ ಗುಂಪು ಇವು ಅದರಲ್ಲಿಯೇ ಮನೆಯಲ್ಲಿರಲಿ. ಓದು, ಬರಹ, ನಕ್ಷೆ, ಇ-ಮೇಲ್, ಸರ್ವರಿಗೆ ಲಾಗಿನ್ ಆಗುವುದು, ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ರಾಶಿ ಅಡಿಕೆಯ ದರ ನೋಡುವುದು ಇವೆಲ್ಲ ಲಿನಕ್ಸ್ ಫೋನಿಗೆ ಸಲ್ಲುವ ಕೆಲಸಗಳು. ಒಂದೇ ಫೋನ್ ಇಟ್ಟುಕೊಳ್ಳಲೇಬೇಕೆಂದು ಹಟವಿರುವವರಿಗೆ ಸಾಮಾನ್ಯ ಕೀಪ್ಯಾಡ್ ಫೋನುಗಳಿಗಾಗಿ 2022ರ ಮಾರ್ಚಿನಲ್ಲಿ ಆರಂಭವಾದ ಯುಪಿಐ 123ಪೇ ಇದೆ. ಅದರಲ್ಲಿ ಧ್ವನಿ ಕರೆಯ ಮೂಲಕವೇ ಹಣ ಪಾವತಿಸಬಹುದಾದ್ದರಿಂದ ಕರೆ ಹೋಗುವ ಯಾವ ಫೋನಾದರೂ ಆದೀತು. ಸಂತೆಯಲ್ಲಿ ತರಕಾರಿ ಕೊಳ್ಳುವಾಗ ಅದು ತಾಳ್ಮೆ ಬೇಡುತ್ತದೆ, ಅಷ್ಟೇ.

ಮೂರನೆಯ ಹೆಜ್ಜೆ: ಕಾರ್ಯಾಚರಣೆ ವ್ಯವಸ್ಥೆ

ಉಬುಂಟು ಟಚ್ ಹೇಲಿಯಂ ದಾರಿಯದು. ಕೆನೊನಿಕಲ್ ಕಂಪನಿ 2013ರಲ್ಲಿ ಘೋಷಿಸಿ 2017ರಲ್ಲಿ ಕೈಬಿಟ್ಟ ಮೇಲೆ ಯುಬಿಪೋರ್ಟ್ಸ್ ಎಂಬ ಸಮುದಾಯ ಅದನ್ನು ನಡೆಸಿಕೊಂಡು ಬಂದಿದೆ. ಮೂಲ ವ್ಯವಸ್ಥೆ ಓದಲು ಮಾತ್ರ ತೆರೆದಿರುವ ರೀತಿಯಲ್ಲಿರುವುದರಿಂದ ಹೊಸಬರು ಏನನ್ನಾದರೂ ಅಳಿಸಿ ಫೋನನ್ನು ಕೆಡಿಸಿಕೊಳ್ಳುವ ಭಯ ಕಡಿಮೆ. ಕಂಪ್ಯೂಟರಿನ ಲಿನಕ್ಸನ್ನು ಬಲ್ಲವರಿಗೆ ಇದೇ ಕೈಕಟ್ಟಿದಂತೆ ಅನ್ನಿಸುತ್ತದೆ.

ಪೋಸ್ಟ್‌ಮಾರ್ಕೆಟ್‌ಓಎಸ್ ಆಲ್ಪೈನ್ ಲಿನಕ್ಸಿನ ಮೇಲೆ ನಿಂತದ್ದು. ಫೋನೊಂದಕ್ಕೆ ಹತ್ತು ವರ್ಷದ ಆಯುಸ್ಸು ಕೊಡುವುದು ತನ್ನ ಗುರಿ ಎಂದು 2017ರಲ್ಲಿ ಹೊರಟ ಯೋಜನೆ ಇದು, ಮೇನ್‌ಲೈನ್ ಕರ್ನಲ್ಲಿಗೆ ಆದ್ಯತೆ ಕೊಡುತ್ತದೆ. ಇದರ ಮೇಲೆ ಫಾಶ್, ಪ್ಲಾಸ್ಮಾ ಮೊಬೈಲ್ ಮುಂತಾದ ಮುಖಪರದೆಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದು. ನನ್ನ ಮಟ್ಟಿಗೆ ಫಾಶ್ ಹೆಚ್ಚು ಸ್ಥಿರ, ಪ್ಲಾಸ್ಮಾ ಹೆಚ್ಚು ಅಲಂಕಾರ. ಡೆಬಿಯನ್ ಪಳಗಿದವರಿಗೆ ಮೋಬಿಯನ್ ಇದೆ; ಬೆಂಬಲಿಸುವ ಸಾಧನಗಳು ಕಡಿಮೆ, ಪ್ಯಾಕೇಜುಗಳು ಹೇರಳ.

ಫಿನ್ಲೆಂಡಿನ ಯೊಲ್ಲಾ ಕಂಪನಿಯ ಸೈಲ್‌ಫಿಶ್ ಓಎಸ್ ಇವೆಲ್ಲಕ್ಕಿಂತ ನಯವಾದುದು ಎಂಬುದನ್ನು ಒಪ್ಪಲೇಬೇಕು, ಆದರೆ ಅದರ ಮುಖಪರದೆಯ ಆಕರ ಸಂಕೇತ ಮುಕ್ತವಲ್ಲ. ಅದರ ಅಧಿಕೃತ ಬೆಂಬಲ ಬಹುಮಟ್ಟಿಗೆ ಸೋನಿ ಎಕ್ಸ್‌ಪೀರಿಯಾ 10 ಸರಣಿಗೆ ಸಿಕ್ಕಿದೆ, ಸೋನಿಯೋ ಭಾರತದಲ್ಲಿ ಫೋನ್ ಮಾರುವುದನ್ನು 2019ರಲ್ಲೇ ನಿಲ್ಲಿಸಿತು. 2016ರಲ್ಲಿ 5,499 ರೂಪಾಯಿಗೆ ನಮ್ಮಲ್ಲಿ ಮಾರಾಟವಾದ ಇಂಟೆಕ್ಸ್ ಆಕ್ವಾ ಫಿಶ್ ಇದೇ ವ್ಯವಸ್ಥೆಯದು. ಯಾರದೋ ಅಟ್ಟದಲ್ಲಿ ಅದು ಸಿಕ್ಕರೆ ನೆನಪಿಗೆ ಇಟ್ಟುಕೊಳ್ಳಬಹುದು, ಬಳಸಲು ಅಲ್ಲ.

ನಾಲ್ಕನೆಯ ಹೆಜ್ಜೆ: ಫೋನು

ಲಿನಕ್ಸಿಗಾಗಿಯೇ ಹುಟ್ಟಿದ ಫೋನುಗಳಲ್ಲಿ ಹೆಸರಾದವು ಎರಡು. ಪೈನ್64 ತಂಡದ ಪೈನ್‌ಫೋನಿನಲ್ಲಿ ಆಲ್‌ವಿನ್ನರ್ ಎ64 ಪ್ರೊಸೆಸರ್, 2 ಅಥವಾ 3 ಜಿಬಿ ರ‍್ಯಾಮ್ ಇವೆ. ಹಿಂಬದಿಯ ಮುಚ್ಚಳ ತೆಗೆದರೆ ಮೋಡೆಮ್ (ಟವರಿನೊಂದಿಗೆ ಸಂಪರ್ಕ ಇಟ್ಟುಕೊಳ್ಳುವ ಭಾಗ), ವೈಫೈ, ಮೈಕು, ಕ್ಯಾಮೆರಾಗಳನ್ನು ವಿದ್ಯುತ್ ಮಟ್ಟದಲ್ಲಿಯೇ ಕಡಿದುಹಾಕುವ ಪುಟ್ಟ ಸ್ವಿಚ್ಚುಗಳು ಸಾಲಾಗಿ ಕಾಣುತ್ತವೆ. ಮೆಮೊರಿ ಕಾರ್ಡಿನಿಂದಲೇ ಬೂಟ್ ಆಗುವುದರಿಂದ ಒಂದೊಂದು ಕಾರ್ಡಿಗೆ ಒಂದೊಂದು ವ್ಯವಸ್ಥೆ ಬರೆದು, ಒಳಗಿನದನ್ನು ಮುಟ್ಟದೆ ಪ್ರಯೋಗ ಮಾಡಬಹುದು. ಇದರ ಮೋಡೆಮ್ 28ನೇ ಬ್ಯಾಂಡನ್ನೂ ಹಿಡಿಯುತ್ತದೆ. ಬ್ಯಾಟರಿ ಕಳಚುವಂಥದು, ಅದರ ಆಕಾರ ಸ್ಯಾಮ್ಸಂಗ್ ಜೆ7 ಬ್ಯಾಟರಿಯದೇ. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಜೆ7 ಬ್ಯಾಟರಿ ಪೇಟೆಯ ರಿಪೇರಿ ಅಂಗಡಿಯಲ್ಲಿ ಸಿಗುವ ಸಂಭವ ಇರುವುದರಿಂದ ಇದು ಸಣ್ಣ ಅನುಕೂಲವಲ್ಲ. ಆದರೆ ವೇಗ ತೀರಾ ಕಡಿಮೆ: ಬ್ರೌಸರ್ ತೆರೆದು ಎರಡು ಪುಟ ನೋಡುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿರುತ್ತದೆ. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಅಥವಾ ಕಂಪ್ಯೂಟರ್ ಓದುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಪಾಠದ ಸಾಮಗ್ರಿ ಇಲ್ಲ. ಉಳಿದವರಿಗೆ ನಾನು ಹೇಳುವುದಿಲ್ಲ. ಪ್ಯೂರಿಸಂ ಕಂಪನಿಯ ಲಿಬ್ರೆಮ್ 5 ಇದಕ್ಕಿಂತ ಗಟ್ಟಿ, ಸ್ವಿಚ್ಚುಗಳು ಹೊರಮೈಯಲ್ಲಿಯೇ ಇವೆ, ಮೋಡೆಮ್ಮನ್ನು ಬಿಚ್ಚಿ ಬದಲಿಸಬಹುದು, ಆದರೆ ಬೆಲೆ ಹಲವು ಪಟ್ಟು. ಎರಡನ್ನೂ ಹೊರದೇಶದಿಂದ ತರಿಸಬೇಕು. ಸುಂಕ ಸೇರಿ ಕೈಗೆ ಬೀಳುವ ಬೆಲೆಯನ್ನು ಲೆಕ್ಕ ಹಾಕಿ, ಕೆಟ್ಟರೆ ಶಿವಮೊಗ್ಗದಲ್ಲಿ ಬಿಡಿಭಾಗ ಸಿಗುವುದಿಲ್ಲ ಎಂಬುದನ್ನು ಅದಕ್ಕೆ ಸೇರಿಸಿಕೊಳ್ಳಿ.

ಹೆಚ್ಚಿನವರಿಗೆ ಸರಿಯಾದ ದಾರಿ, ಭಾರತದಲ್ಲಿಯೇ ಮಾರಾಟವಾದ ಹಳೆಯ ಆಂಡ್ರಾಯ್ಡ್ ಫೋನೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಅದಕ್ಕೆ ಲಿನಕ್ಸ್ ಹಾಕುವುದು. 2018ರಲ್ಲಿ ಬಂದ ವನ್‌ಪ್ಲಸ್ 6 ಮತ್ತು ಪೋಕೊ ಎಫ್1 ಎರಡರಲ್ಲಿಯೂ ಸ್ನ್ಯಾಪ್‌ಡ್ರ್ಯಾಗನ್ 845 ಇದೆ, ಮೇನ್‌ಲೈನ್ ಕರ್ನಲ್ಲಿನಲ್ಲಿ ಈ ಚಿಪ್ಪಿಗೆ ಒಳ್ಳೆಯ ಬೆಂಬಲ ಬಂದಿದೆ. ಪೈನ್‌ಫೋನಿನ ಎದುರು ಇವುಗಳ ವೇಗಕ್ಕೆ ಹೋಲಿಕೆಯೇ ಇಲ್ಲ. ಕ್ಯಾಮೆರಾ ಮಾತ್ರ ಅಪೂರ್ಣ; ಫೋಟೋ ಮುಖ್ಯವಾದವರು ಇವನ್ನು ಬಿಟ್ಟು ಉಬುಂಟು ಟಚ್ ಹಾಕಿದ ಪಿಕ್ಸೆಲ್ 3ಎ ನೋಡಲಿ. ವನ್‌ಪ್ಲಸ್ 6ರಲ್ಲಿ ಮೆಮೊರಿ ಕಾರ್ಡಿಗೆ ಜಾಗವಿಲ್ಲ. ಪೋಕೊ ಎಫ್1ರಲ್ಲಿ ಕಾರ್ಡ್ ಹಾಕಬಹುದು, ಬ್ಯಾಟರಿಯೂ 4000 ಎಂಎಎಚ್. ಆದರೆ ಅದರ ಪರದೆಗಳು ಟಿಯಾನ್ಮಾ ಮತ್ತು ಇಬಿಬಿಜಿ ಎಂಬ ಎರಡು ಕಂಪನಿಗಳಿಂದ ಬಂದಿವೆ, ಪೋಸ್ಟ್‌ಮಾರ್ಕೆಟ್‌ಓಎಸ್‌ನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕಡತ. ಹೊರಗಿನಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ತಪ್ಪು ಕಡತ ಹಾಕಿದರೆ ಪರದೆ ಸರಿಯಾಗಿ ಬರುವುದಿಲ್ಲ. ಹಿಂದೆ ಅಗ್ಗದ ಪರದೆ ಬದಲಿಸಿದ್ದ ಫೋನಾದರೆ ಗೊಂದಲ ಇನ್ನೂ ಹೆಚ್ಚು, ಅಂಥದನ್ನು ಬಿಟ್ಟುಬಿಡುವುದು ಲೇಸು.

ಯಾವುದೇ ಮಾದರಿಯನ್ನು ನಿಶ್ಚಯಿಸುವ ಮೊದಲು ಆಯಾ ಯೋಜನೆಯ ಸಾಧನ ಪಟ್ಟಿಯಲ್ಲಿ ಅದರ ಪುಟವನ್ನು ಪೂರ್ತಿ ಓದಿ. ಕರೆ, ಎಸ್ಎಂಎಸ್, ವಿಒಎಲ್‌ಟಿಇ, ಜಿಪಿಎಸ್, ನಿದ್ರಾಸ್ಥಿತಿಯಿಂದ ಕರೆಗೆ ಎಚ್ಚರಗೊಳ್ಳುವಿಕೆ ಇವು ಒಂದೊಂದಾಗಿ ಅಲ್ಲಿ ದಾಖಲಾಗಿರುತ್ತವೆ. ಪರೀಕ್ಷಾ ಹಂತ ಎಂದು ಗುರುತಿಸಿದ ಮಾದರಿಯನ್ನು ಬಳಸಲೆಂದು ಕೊಳ್ಳಬೇಡಿ.

ಐದನೆಯ ಹೆಜ್ಜೆ: ಅಂಗಡಿಯ ಕೌಂಟರಿನಲ್ಲಿ

ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯಾಗಲಿ, ಪರಿಚಯದವರ ಕೈಯಿಂದಾಗಲಿ, ಹಣ ಕೊಡುವ ಮೊದಲು ಫೋನು ಹತ್ತು ನಿಮಿಷ ನಿಮ್ಮ ಕೈಯಲ್ಲಿರಬೇಕು. "ಒಂದು ಗಳಿಗೆ ಕೊಡಿ ಮಾರಾಯ್ರೆ, ನೋಡಿ ಕೊಡ್ತೇನೆ" ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಬೇಡ ಎಂದರೆ ಬೇರೆ ಅಂಗಡಿ ನೋಡಿ.

ಮೊದಲು *#06# ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಒಂದು ಜಾಗ ಬಿಟ್ಟು, ಆ 15 ಅಂಕಿಗಳನ್ನು ಸೇರಿಸಿ 14422ಕ್ಕೆ ಎಸ್ಎಂಎಸ್ ಮಾಡಿದರೆ ಆ ಐಎಂಇಐಯ ಸ್ಥಿತಿ ಉತ್ತರವಾಗಿ ಬರುತ್ತದೆ. ಕಳವಿನ ದೂರಿನ ಮೇಲೆ ತಡೆಹಿಡಿದ ಫೋನಾಗಿದ್ದರೆ ಅಲ್ಲಿಯೇ ತಿಳಿಯುತ್ತದೆ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಬಡಿದು ಡೆವಲಪರ್ ಆಯ್ಕೆಗಳನ್ನು ತೆರೆಯಿರಿ. ಅದರಲ್ಲಿ ಬೂಟ್‌ಲೋಡರ್ (ಫೋನು ಆರಂಭವಾಗುವಾಗ ವ್ಯವಸ್ಥೆಯನ್ನು ಎಬ್ಬಿಸುವ ಭಾಗ) ತೆರೆಯಲು ಒಪ್ಪಿಗೆ ಕೊಡುವ ಓಇಎಂ ಅನ್‌ಲಾಕಿಂಗ್ ಎಂಬ ಗುಂಡಿ ಬೂದುಬಣ್ಣವಾಗಿ ಒತ್ತಲು ಬಾರದಂತಿದ್ದರೆ, ಇಂಟರ್ನೆಟ್ ಸಂಪರ್ಕ ಕೊಟ್ಟು ಇನ್ನೊಮ್ಮೆ ನೋಡಿ. ಆಗಲೂ ಹಾಗೆಯೇ ಇದ್ದರೆ ಆ ಫೋನ್ ಲಿನಕ್ಸಿಗೆ ಬಾರದು. ಅಮೆರಿಕದಲ್ಲಿ ವೆರೈಜನ್ ಮೂಲಕ ಮಾರಾಟವಾದ ಪಿಕ್ಸೆಲ್‌ಗಳ ಬೂಟ್‌ಲೋಡರ್ ತೆರೆಯಲು ಬಾರದು, ಬಂಧುಗಳು ತಂದುಕೊಟ್ಟ ಫೋನಿನಲ್ಲಿ ಇದನ್ನು ಮುಖ್ಯವಾಗಿ ಗಮನಿಸಿ. ಕೊನೆಗೆ ಫೋನನ್ನು ಮೇಜಿನ ಮೇಲೆ ಮಲಗಿಸಿ ಓರೆಯಿಂದ ನೋಡಿ. ಹಿಂಬದಿಯ ಮುಚ್ಚಳ ಎಲ್ಲಿಯಾದರೂ ಎದ್ದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು.

ಆರನೆಯ ಹೆಜ್ಜೆ: ವ್ಯವಸ್ಥೆ ಹಾಕುವುದು

ಇದನ್ನು ಬ್ಯಾಟರಿ ಇರುವ ಲ್ಯಾಪ್‌ಟಾಪಿನಿಂದಲೇ ಮಾಡಿ. ಡೆಸ್ಕ್‌ಟಾಪಿನಲ್ಲಿ ಕಡತ ಬರೆಯುತ್ತಿರುವಾಗ ಕರೆಂಟು ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಫೋನು ಪೂರ್ತಿ ಚಾರ್ಜ್ ಆಗಿರಲಿ. ಬೂಟ್‌ಲೋಡರ್ ತೆರೆದ ಕ್ಷಣ ಒಳಗಿರುವ ಎಲ್ಲವೂ ಅಳಿಸಿಹೋಗುವುದರಿಂದ ಚಿತ್ರ, ಸಂಪರ್ಕಗಳನ್ನು ಮೊದಲೇ ತೆಗೆದಿಡಿ. ಫೋನಿನ ಮೂಲ ಆಂಡ್ರಾಯ್ಡ್ ಕಡತವನ್ನೂ ಇಳಿಸಿ ಪೆನ್‌ಡ್ರೈವಿನಲ್ಲಿಟ್ಟುಕೊಳ್ಳಿ. ಹಳ್ಳಿಯ ಇಂಟರ್ನೆಟ್ಟಿನಲ್ಲಿ ಇವು ಇಳಿಯಲು ಗಂಟೆಗಟ್ಟಲೆ ಹಿಡಿಯುವುದರಿಂದ ಪೇಟೆಗೆ ಹೋದಾಗಲೇ ಮುಗಿಸಿಕೊಳ್ಳಿ. ಇಳಿಸಿದ ಕಡತ ಕೆಟ್ಟಿಲ್ಲವೆಂದು ತಿಳಿಯಲು ಅದರ ಚೆಕ್‌ಸಮ್ (ಕಡತದಿಂದ ಲೆಕ್ಕ ಹಾಕಿದ ಗುರುತು) ತಾಳೆ ನೋಡುವುದನ್ನು ಮರೆಯಬೇಡಿ.

ಪೋಕೊ ಎಫ್1 ಸೇರಿದಂತೆ ಶಿಯೋಮಿ ಫೋನುಗಳಲ್ಲಿ ಬೂಟ್‌ಲೋಡರ್ ತೆರೆಯಲು ಖಾತೆ ನೋಂದಾಯಿಸಿ ಸಾಮಾನ್ಯವಾಗಿ ಒಂದು ವಾರ ಕಾಯಬೇಕಾಗುತ್ತದೆ, ವನ್‌ಪ್ಲಸ್ 6ಕ್ಕೆ ಅಂಥ ಕಾಯುವಿಕೆ ಇಲ್ಲ. ಉಬುಂಟು ಟಚ್ ಹಾಕುವವರಿಗೆ ಯುಬಿಪೋರ್ಟ್ಸ್ ಇನ್‌ಸ್ಟಾಲರ್ ಇದೆ. ಫೋನನ್ನು ಕೇಬಲ್ಲಿಗೆ ಜೋಡಿಸಿದ ಮೇಲೆ ಅದು ಹೇಳಿದ ಗುಂಡಿಗಳನ್ನು ಒತ್ತುತ್ತ ಹೋದರಾಯಿತು. ಪೋಸ್ಟ್‌ಮಾರ್ಕೆಟ್‌ಓಎಸ್ ಅನ್ನು ಕಂಪ್ಯೂಟರಿನಿಂದ ಫೋನಿಗೆ ಕಡತ ಬರೆಯುವ ಫಾಸ್ಟ್‌ಬೂಟ್ ಎಂಬ ಸಾಧನದ ಆದೇಶಗಳಿಂದ ಹಾಕಬೇಕು. ಸಿದ್ಧ ಕಡತ ಹಾಕಿದರೆ ಆರಂಭದ ಗುಪ್ತಸಂಖ್ಯೆ 147147 ಆಗಿರುತ್ತದೆ, ಒಳಹೊಕ್ಕ ಕೂಡಲೇ ಅದನ್ನು ಬದಲಿಸಿ. ಕೇಬಲ್ಲಿನ ಬಗ್ಗೆ ಒಂದು ಮಾತು: ಚಾರ್ಜಿಂಗಿಗಷ್ಟೇ ಆಗುವ ಅಗ್ಗದ ಕೇಬಲ್ಲಿನಿಂದ ಫೋನು ಕಾಣಿಸದೆ ಇಡೀ ಸಂಜೆ ಹಾಳಾಗುವುದುಂಟು.

ಕನ್ನಡ ಸರಿಯಾಗಿ ಮೂಡುವಂತೆ ಮಾಡುವುದು

ಕನ್ನಡ ಅಕ್ಷರಗಳ ಬದಲು ಚೌಕಗಳು ಕಂಡರೆ ನೋಟೊ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟಿನ ಪ್ಯಾಕೇಜು ಹಾಕಿದರೆ ಸಾಕು. ಬಳಿಕ ಬ್ರೌಸರ್, ಸಂದೇಶದ ಆ್ಯಪ್, ಟರ್ಮಿನಲ್ ಮೂರರಲ್ಲಿಯೂ ಶಿವಮೊಗ್ಗ, ತೀರ್ಥಹಳ್ಳಿ, ಸ್ತ್ರೀ ಎಂಬ ಮೂರು ಪದಗಳನ್ನು ನೋಡಿ. ಮೊದಲನೆಯದು ಒತ್ತಕ್ಷರವನ್ನೂ ಎರಡನೆಯದು ಅರ್ಕಾವೊತ್ತನ್ನೂ ಮೂರನೆಯದು ಎರಡು ಒತ್ತುಗಳ ಜೋಡಣೆಯನ್ನೂ ಪರೀಕ್ಷಿಸುತ್ತವೆ. ಟರ್ಮಿನಲ್ಲಿನಲ್ಲಿ ಅಕ್ಷರಗಳು ಚದುರುವುದು ಸಾಮಾನ್ಯ, ಉಳಿದೆರಡರಲ್ಲಿ ಚದುರಬಾರದು.

ಬರೆಯುವುದು ಇದಕ್ಕಿಂತ ಕಷ್ಟ. ಪರದೆಯ ಕೀಲಿಮಣೆಯಲ್ಲಿ ಕನ್ನಡ ಸಿದ್ಧವಾಗಿ ಇದೆಯೇ ಎಂದು ಭಾಷೆಗಳ ಪಟ್ಟಿಯಲ್ಲಿ ನೋಡಿ. ಇಲ್ಲದಿದ್ದರೆ, ಫಾಶ್ ಜೊತೆ ಬಳಕೆಯಲ್ಲಿರುವ ಸ್ಕ್ವೀಕ್‌ಬೋರ್ಡಿಗೆ ನೀವೇ ವಿನ್ಯಾಸ ಬರೆದುಕೊಳ್ಳಬಹುದು. ಅದರ ವಿನ್ಯಾಸಗಳು ಸರಳ ಯಾಮಲ್ ಪಠ್ಯ ಕಡತಗಳು, ಸಾಲು ಸಾಲಾಗಿ ಅಕ್ಷರಗಳನ್ನು ಬರೆದು ನಿಮ್ಮ ಬಳಕೆದಾರ ಕಡತಕೋಶದಲ್ಲಿಟ್ಟರೆ ಕೀಲಿಮಣೆ ಅದನ್ನು ಎತ್ತಿಕೊಳ್ಳುತ್ತದೆ. ಮೊದಲ ಪರದೆಯಲ್ಲಿ ವ್ಯಂಜನಗಳು ಮತ್ತು ಹಲಂತ, ಎರಡನೆಯದರಲ್ಲಿ ಸ್ವರ ಮತ್ತು ಮಹಾಪ್ರಾಣ ಎಂದು ಹಂಚಿಕೊಂಡರೆ ಬೆರಳಿಗೆ ಬೇಗ ಹಿಡಿತ ಬರುತ್ತದೆ.

ಮಳೆಗಾಲಕ್ಕೆ ಮುನ್ನ

ಪೈನ್‌ಫೋನ್, ಲಿಬ್ರೆಮ್‌ಗಳಿಗೆ ನೀರು ತಡೆಯುವ ರಕ್ಷಣೆ ಇಲ್ಲ. ಬಿಚ್ಚಿ ರಿಪೇರಿ ಮಾಡಿದ ಹಳೆಯ ಫೋನುಗಳದ್ದನ್ನೂ ನಂಬುವಂತಿಲ್ಲ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂಬುದನ್ನು ಬೇಸಿಗೆಯಲ್ಲಿಯೇ ಅಳೆಯಿರಿ: ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಸಿಮ್ ಹಾಕಿ, ವೈಫೈ ಆಫ್ ಮಾಡಿಟ್ಟು, ಬೆಳಿಗ್ಗೆ ಎದ್ದೊಡನೆ ಬೇರೆ ಫೋನಿನಿಂದ ಅದಕ್ಕೆ ಕರೆ ಮಾಡಿ. ಗಂಟೆ ಬಾರಿಸದಿದ್ದರೆ ಫೋನು ನಿದ್ರೆಯಿಂದ ಎಚ್ಚರಗೊಳ್ಳುತ್ತಿಲ್ಲ. ಬಾರಿಸಿ, ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿದಿದ್ದರೆ ಮಲಗುತ್ತಲೇ ಇಲ್ಲ. ಮೊದಲನೆಯದಕ್ಕೆ ಮೋಡೆಮ್ಮಿನ ಸೆಟ್ಟಿಂಗ್ಸ್ ಮತ್ತು ಸಾಧನ ಪುಟದ ಸೂಚನೆಗಳನ್ನು ನೋಡಿ; ಎರಡನೆಯದಕ್ಕೆ ಹಿನ್ನೆಲೆಯಲ್ಲಿ ಓಡುತ್ತಿರುವ ಆ್ಯಪ್‌ಗಳನ್ನು, ವಿಶೇಷವಾಗಿ ವೇಡ್ರಾಯ್ಡನ್ನು, ನಿಲ್ಲಿಸಿ ಮತ್ತೊಂದು ರಾತ್ರಿ ಪರೀಕ್ಷಿಸಿ. ಆಗುಂಬೆ, ಹುಲಿಕಲ್ ಕಡೆಯ ಘಾಟಿಗಳಲ್ಲಿ ಓಡಾಡುವವರು ಆರ್ಗ್ಯಾನಿಕ್ ಮ್ಯಾಪ್ಸಿನಂಥ ಆ್ಯಪ್ ಹಾಕಿ ಕರ್ನಾಟಕದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಲಿ, ಅದಕ್ಕೆ ಸಿಗ್ನಲ್ ಬೇಕಾಗುವುದಿಲ್ಲ. ಈ ಪರೀಕ್ಷೆಗಳು ಮುಗಿಯುವವರೆಗೆ ಮುಖ್ಯ ಸಿಮ್ ಹಳೆಯ ಫೋನಿನಲ್ಲಿಯೇ ಇರಲಿ, ಲಿನಕ್ಸ್ ಫೋನಿಗೆ ಕಡಿಮೆ ರೀಚಾರ್ಜಿನ ಎರಡನೆಯ ಸಿಮ್ ಹಾಕಿ.